ಹದ್ದಕ್ಕನ ಮನೆಯ ಹಸು

ನನ್ನ ಓರಗಿತ್ತಿಯನ್ನು ಊರಿನವರು ಹದ್ದಕ್ಕ ಎನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು, ಕೊನೆಗೆ ಅವಳೇ ಫೋನೆತ್ತಿ, "ಹಲೋ, ಹದ್ದಕ್ಕ ಮಾತಾಡ್ತಿರೋದು, ಯಾರ ಮನೆ?" ಅನ್ನುವ ಮಟ್ಟಕ್ಕೆ ಬಂತು. ನಾನು ಆ ಮನೆಯ ದೊಡ್ಡ ಸೊಸೆ, ಅವಳು ಚಿಕ್ಕವಳು. ನಮ್ಮಿಬ್ಬರ ಮನೆಗಳಿಗೂ ನಡುವೆ ಒಂದೇ ಗೋಡೆ. ಅವಳ ಮನೆಯಲ್ಲಿ ಒಗ್ಗರಣೆ ಸೀದರೆ ನಾನು ಕೆಮ್ಮುತ್ತೇನೆ. ಅತ್ತೆ ಇರುವುದು ಅವಳ ಜೊತೆ.

ಮೈದುನ ಹಾಲಿನ ಕ್ಯಾನು ಸಾಗಿಸುವ ಟೆಂಪೋ ಇಟ್ಟುಕೊಂಡಿದ್ದ. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಟೆಂಪೋ ಅಂಗಳದಲ್ಲೇ ನಿಂತು, ಅದರ ಕೆಳಗೆ ಕೋಳಿಗಳು ಮೊಟ್ಟೆ ಇಡತೊಡಗಿದವು. ಒಂದು ದಿನ ಇವಳು ಕೋಳಿಗಳನ್ನು ಓಡಿಸಿ ಸ್ಟೇರಿಂಗ್ ಮುಂದೆ ಹೋಗಿ ಕೂತಳು. ಕಲಿಯುವಾಗ ಹಿಟ್ಟಿನ ಗಿರಣಿಯ ಗೋಡೆಗೆ ಗುದ್ದಿದ್ದಳು. ಗಿರಣಿಯವನು ಇವತ್ತಿಗೂ ಅವಳ ಟೆಂಪೋ ಸದ್ದು ಕೇಳಿದರೆ ಓಡಿಬಂದು ಗೋಡೆಯನ್ನು ತಬ್ಬಿಕೊಂಡ ಹಾಗೆ ನಟಿಸುತ್ತಾನೆ. ಅವಳು ನಗುವುದಿಲ್ಲ. "ಸರಿಯಾಗಿ ತಬ್ಕೋ, ಇನ್ನೊಂದು ಸಲ ಬಂದ್ರೆ ಪೂರ್ತಿ ಬೀಳಿಸ್ತೀನಿ," ಅಂದು ಗೇರು ಬದಲಾಯಿಸುತ್ತಾಳೆ.

ಊರಿನ ಹಿಂದೆ ಬೆಟ್ಟಗಳ ಸಾಲಿದೆ. ಅದರ ನಡುವಿನ ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆಗಳಿದ್ದವು. ನಾನು ಮದುವೆಯಾಗಿ ಬಂದಾಗ ಅದು ಕಲ್ಲಿನ ಬಣ್ಣವೇ ಅಂದುಕೊಂಡಿದ್ದೆ. ಅದು ರಣಹದ್ದುಗಳ ಹಿಕ್ಕೆ ಎಂದು ಹೇಳಿದವರು ಅತ್ತೆ. ಅವರ ಹರೆಯದಲ್ಲಿ ಊರಲ್ಲಿ ದನ ಸತ್ತರೆ ಸಂಜೆಯೊಳಗೆ ಮೂಳೆ ಮಾತ್ರ ಉಳಿಯುತ್ತಿತ್ತಂತೆ. ಆಮೇಲೆ ಹದ್ದುಗಳು ಕಡಿಮೆಯಾದವು, ಆಮೇಲೆ ಇಲ್ಲವೇ ಇಲ್ಲ. ಸತ್ತ ದನ ಹಳ್ಳದಲ್ಲಿ ವಾರಗಟ್ಟಲೆ ಕೊಳೆಯುತ್ತಿತ್ತು, ನಾಯಿಗಳು ಹೆಚ್ಚಾದವು. ಯಾಕೆ ಹೀಗಾಯಿತು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದನಗಳಿಗೆ ಹಾಕುವ ಒಂದು ನೋವಿನ ಸೂಜಿಯಿಂದ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಸೂಜಿ ಹಾಕಿದ ದನ ಸತ್ತು, ಅದರ ಮಾಂಸವನ್ನು ಹದ್ದು ತಿಂದರೆ, ಎರಡು ಮೂರು ದಿನದಲ್ಲಿ ಹದ್ದಿನ ಕತ್ತು ಜೋತುಬಿದ್ದು ಪ್ರಾಣ ಹೋಗುತ್ತದೆ. ಒಂದು ದನ ಸಾಕು, ಇಡೀ ಹಿಂಡು ಮುಗಿಯುವುದಕ್ಕೆ.

ಸೂಜಿಯನ್ನು ಸರಕಾರ ನಿಲ್ಲಿಸಿತು. ಬೇರೆಲ್ಲೋ ದೂರದಲ್ಲಿ ಮೊಟ್ಟೆಯೊಡೆಸಿ ಬೆಳೆಸಿದ ಹದ್ದುಗಳನ್ನು ಪೆಟ್ಟಿಗೆಗಳಲ್ಲಿ ತಂದು, ಬೆಟ್ಟದ ಮೇಲಿನ ಬಯಲಿನಲ್ಲಿ ದೊಡ್ಡ ಪಂಜರ ಕಟ್ಟಿ, ಅಲ್ಲಿನ ಗಾಳಿ ಬಿಸಿಲು ಅಭ್ಯಾಸವಾದ ಮೇಲೆ ಬಾಗಿಲು ತೆರೆದರು. ಆ ಕೆಲಸಕ್ಕೆ ಬಂದವಳು ನಾವು ಡಾಕ್ಟರಮ್ಮ ಅನ್ನುವ ಹುಡುಗಿ. ನೋಡಿದರೆ ಇನ್ನೂ ಕಾಲೇಜಿಗೆ ಹೋಗುವವಳ ಹಾಗಿದ್ದಾಳೆ. ಅವಳಿಗೆ ಬೇಕಾಗಿದ್ದದ್ದು ಸೂಜಿ ಸೋಕದ ದನದ ಮಾಂಸ, ಮತ್ತು ಅದನ್ನು ಬೆಟ್ಟಕ್ಕೆ ಸಾಗಿಸುವ ಗಾಡಿ. ಗಂಡಸರು ಮೂಗು ಮುಚ್ಚಿಕೊಂಡರು. ನನ್ನ ಓರಗಿತ್ತಿ, "ಹಾಲು ಹೊತ್ತ ಗಾಡಿ ಹಾಲು ಕೊಟ್ಟೋಳನ್ನ ಹೊತ್ತರೆ ಏನಾಗುತ್ತೆ?" ಅಂದಳು.

ಅಂದಿನಿಂದ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ವಾಸನೆ ಹೋಗದು. "ಒಳ್ಳೇದೇ ಆಯ್ತಕ್ಕ, ಕಾಲು ಚಾಚ್ಕೊಂಡು ಬಂದೆ," ಅನ್ನುತ್ತಿದ್ದಳು ನನ್ನ ಹತ್ತಿರ.

ಅವಳು ಕೆಲಸ ಮಾಡುವ ರೀತಿಯನ್ನು ಹೇಳಬೇಕು. ಯಾರ ಮನೆಯಲ್ಲಿ ದನ ಸತ್ತರೂ ಫೋನು ಬರುತ್ತದೆ. ಹೋದವಳು ಹಗ್ಗ ಇಳಿಸುವುದಿಲ್ಲ. ಯಜಮಾನನನ್ನು "ಸೂಜಿ ಹಾಕಿಸಿದ್ರಾ?" ಅಂತ ಕೇಳುವುದೂ ಇಲ್ಲ. ಕೇಳಿದರೆ ಇಲ್ಲ ಅನ್ನುತ್ತಾನೆ, ಅಷ್ಟೆ. ನೇರ ಒಳಗೆ ಹೋಗಿ ಹೆಂಗಸರ ಜೊತೆ ಕೂತು ಟೀ ಕೇಳಿ ಕುಡಿಯುತ್ತಾಳೆ. "ಪಾಪ, ಎಷ್ಟು ದಿನ ಮಲಗಿತ್ತು? ಕೂಗ್ತಿತ್ತಾ? ಕೊನೇಲಿ ಎದ್ದು ನಿಂತಿತ್ತಾ? ಹೌದಾ, ಮೇವೂ ತಿಂತಾ?" ನರಳುತ್ತಿದ್ದ ದನ ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ಎದ್ದು ಮೇವು ತಿಂದಿತು ಅಂತ ಆ ಹೆಂಗಸರ ಬಾಯಲ್ಲಿ ಬಂದರೆ, ಸೂಜಿ ಬಿದ್ದಿದೆ ಅಂತಲೇ ಲೆಕ್ಕ, ಲೋಟ ಕೆಳಗಿಟ್ಟು ಎದ್ದುಬಿಡುತ್ತಾಳೆ. ಎಲ್ಲೋ ಒಬ್ಬ ಹಳೆಯ ಕಾಂಪೌಂಡರ್ ಹತ್ತಿರ ಆ ಸೂಜಿ ಇನ್ನೂ ಉಳಿದಿದೆ ಅಂತ ಅವಳಿಗೆ ಅನುಮಾನ. ಅಂಥ ದನವನ್ನು ಆಳವಾಗಿ ಹೂಳಿಸಿಯೇ ಬರುತ್ತಾಳೆ. ಹೀಗೆ ಸುಮಾರು ಮನೆಗಳ ನಿಷ್ಠುರ ಕಟ್ಟಿಕೊಂಡಿದ್ದಳು.

ಬೆಟ್ಟದ ಮೇಲೆ ಇನ್ನೊಂದು ನಿಯಮ. ಹದ್ದುಗಳಿಗೆ ಮನುಷ್ಯರ ರೂಢಿಯಾಗಬಾರದು, ಭಯವೂ ಹೆಚ್ಚಬಾರದು. ಅವು ಬಂಡೆಗಳ ಮೇಲೆ ಹೋಗಿ ಕೂತ ಮೇಲೆ, ಸಂಜೆ ಹೊತ್ತು, ಮಣ್ಣು ಬಣ್ಣದ ಚಾದರ ಹೊದ್ದು ಮಾಂಸ ಇಳಿಸಿ ಬರಬೇಕು. ಮಾತಿಲ್ಲ. ಕೊನೆಯ ಏರಿನಲ್ಲಿ ಅವಳು ಟೆಂಪೋವನ್ನು ನಿದ್ದೆ ಮಾಡುವ ಕೂಸಿನ ಪಕ್ಕ ನಡೆಯುವ ಹಾಗೆ ಓಡಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ಆ ಬಯಲಿನಲ್ಲಿ ಅವಳು ಒಮ್ಮೆ ಸೀನಿದ್ದೂ ಇಲ್ಲ ಅಂತ ಡಾಕ್ಟರಮ್ಮ ಹೇಳುತ್ತಿದ್ದಳು. ಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚದವಳು!

ಈ ವರ್ಷ ಒಂದು ಜೋಡಿ ಮೊಟ್ಟೆ ಇಟ್ಟಿತು. ಗಂಡಿನ ರೆಕ್ಕೆಗೆ ಹಳದಿ ಪಟ್ಟಿ, ಹೆಣ್ಣಿನದಕ್ಕೆ ನೀಲಿ. ಪಂಜರದಲ್ಲಲ್ಲ, ಅದೇ ಹಳೆಯ ಬಿಳಿ ಗೆರೆಗಳ ಬಂಡೆಯ ಚಾಚಿನ ಮೇಲೆ ಗೂಡು. ಮರಿ ಹೊರಬಂದ ದಿನ ಡಾಕ್ಟರಮ್ಮ ಇವಳನ್ನು ದುರ್ಬೀನಿನ ಮುಂದೆ ಕೂರಿಸಿದಳಂತೆ. ಮನೆಗೆ ಬಂದವಳು, "ಒಗೆದು ಹಿಂಡಿ ಒಣಗಿಸೋದು ಮರೆತ ಬಟ್ಟೆ ಹಾಗಿದೆ ಅತ್ತೆ. ಆದ್ರೂ ಎಷ್ಟು ಚೆನ್ನಾಗಿದೆ!" ಅಂದಳು. ಅವಳಿಗೆ ಮಕ್ಕಳಿಲ್ಲ. ಅತ್ತೆ ನಕ್ಕು, "ನಾನು ಹುಡುಗಿಯಾಗಿದ್ದಾಗ ನೋಡಿದ ಮರಿಗಳ ಮರಿಮಗ," ಅಂದರು. ಪಂಜರ ತೆರೆದ ಮೇಲೆ ಆ ಬೆಟ್ಟದಲ್ಲೇ ಹುಟ್ಟಿ, ಬೆಟ್ಟದಿಂದಲೇ ಹಾರುವ ಮೊದಲನೆಯ ಮರಿ ಅದು. ಅದೊಂದು ಹಾರಿಬಿಟ್ಟರೆ ಹದ್ದುಗಳು ಇಲ್ಲಿ ಉಳಿದವು ಅಂತ ಲೆಕ್ಕ, ಇಲ್ಲದಿದ್ದರೆ ಪಂಜರದ ಹಕ್ಕಿಗಳನ್ನು ಸುಮ್ಮನೆ ಹೊರಗೆ ಬಿಟ್ಟ ಹಾಗೆ, ಎಂದು ಡಾಕ್ಟರಮ್ಮ ಹೇಳಿದ್ದಳು.

ಆ ದಿನಗಳಲ್ಲೇ ಟೀ ಅಂಗಡಿಯ ಮುಂದೆ ಒಂದು ಮಾತು ನಡೆಯಿತು. ನಮ್ಮ ಬೀದಿಯಲ್ಲಿ ಒಬ್ಬ ಗಾರೆ ಕೆಲಸದವನಿದ್ದಾನೆ. ಮೀಸೆ ಎಂದೇ ಅವನ ಹೆಸರು. ಅವನ ಎತ್ತು ಸತ್ತಾಗ ಇವಳು ಒಯ್ದಿದ್ದಳು. ಅವನಿಗೆ ಅದು ಒಳಗೊಳಗೇ ಕುಟುಕುತ್ತಿತ್ತು.

"ಏನಮ್ಮಾ ಹದ್ದಕ್ಕ, ಊರವರ ದನಗಳನ್ನೆಲ್ಲ ಕಾಲಿಗೆ ಹಗ್ಗ ಹಾಕಿ ಎಳೀತೀಯ. ನಿಮ್ಮ ಮನೆ ಕೆಂಪಿಗೂ ವಯಸ್ಸಾಯ್ತು. ಅವತ್ತು ನೋಡೋಣ, ಹಿತ್ತಲಲ್ಲಿ ಗುಂಡಿ ತೋಡಿ, ಹೂ ಹಾಕಿ, ಕಣ್ಣೀರು ಹಾಕ್ತೀಯೋ ಇಲ್ವೋ ಅಂತ."

"ಎಲ್ಲರ ದನ ಎಲ್ಲಿಗೆ ಹೋಗುತ್ತೋ ಕೆಂಪಿನೂ ಅಲ್ಲಿಗೇ ಹೋಗ್ತಾಳೆ ಮೀಸೆಯಣ್ಣ."

"ನಾಲ್ಕು ಜನದ ಮುಂದೆ ಅಂದಿದ್ದೀಯ, ನೆನಪಿರ್ಲಿ."

"ನಿಂಗೆ ಮರೆತು ಹೋದ್ರೆ ಮೀಸೆಗೆ ಗಂಟು ಹಾಕ್ಕೋ."

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಮಾತು ಅಲ್ಲೇ ಉಳಿಯಿತು.

ಕೆಂಪಿ ಅತ್ತೆಯ ಹಸು. ಹಾಲು ಬತ್ತಿ ಎಷ್ಟೋ ಕಾಲವಾಗಿತ್ತು, ಆದರೂ ಅದರ ಮೈ ತಿಕ್ಕದೆ ಅತ್ತೆಗೆ ಬೆಳಗಾಗುತ್ತಿರಲಿಲ್ಲ. ಒಂದು ದಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಅದರ ಹಿಂಗಾಲಿನ ಕೀಲು ಹೋಯಿತು. ದನದ ಡಾಕ್ಟರು ಬಂದು, ಹದ್ದುಗಳಿಗೆ ತೊಂದರೆಯಿಲ್ಲದ ಔಷಧಿ ಕೊಟ್ಟು, ಇದು ಏಳುವುದು ಕಷ್ಟ ಎಂದು ಹೋದರು. ಅದು ನರಳುವುದು ಗೋಡೆಯಾಚೆ ನನಗೂ ಕೇಳುತ್ತಿತ್ತು. ಮನುಷ್ಯರು ನರಳಿದ ಹಾಗೇ. ನನ್ನ ಓರಗಿತ್ತಿಗೆ ಆ ವಾರ ಕೈತುಂಬ ಕೆಲಸ, ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ನಾನೂ ನಡುವೆ ಮಗಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಒಬ್ಬರೇ ಕೂತಿರುತ್ತಿದ್ದರು.

ನಾನು ಊರಿಗೆ ಮರಳಿದ ಬೆಳಿಗ್ಗೆ ಕೆಂಪಿ ಸತ್ತಿತು. ಓರಗಿತ್ತಿ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು. ತಿರುಗಿ ನೋಡಿದರೆ ಅಂಗಳದ ಗೇಟಿನಾಚೆ ನಾಲ್ಕಾರು ಜನ ನಿಂತಿದ್ದರು, ನಡುವೆ ಮೀಸೆ. ಅವನು ಮೀಸೆ ತಿರುವುತ್ತಿದ್ದ. ಟೀ ಅಂಗಡಿಯ ಮಾತು ಎಲ್ಲರಿಗೂ ನೆನಪಿತ್ತು. ಇವಳು ಟೆಂಪೋವನ್ನು ಹಿಂದಕ್ಕೆ ತಂದು, ಹಲಗೆ ಇಳಿಸಿ, ಕೊಟ್ಟಿಗೆಗೆ ಹೋಗಿ ತನ್ನ ಕೈಯಾರೆ ಹಗ್ಗ ಕಟ್ಟಿದಳು. ನಾನೂ ಕೈಹಾಕಿದೆ. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ದುಃಖಕ್ಕೆ ಅಂತ ನಾವಂದುಕೊಂಡೆವು. ಗೇಟಿನಾಚೆ ಯಾರೋ, "ಆಡಿದ ಮಾತಿಗೆ ತಪ್ಪಲಿಲ್ಲ ನೋಡಪ್ಪ," ಅಂದದ್ದು ಕೇಳಿ ಅವಳು ಕತ್ತು ಎತ್ತಿ ಟೆಂಪೋ ಹತ್ತಿದಳು.

ಊರಿನ ಯಾವ ಮನೆಯಲ್ಲೂ ಟೀ ಕುಡಿಯದೆ ಹಗ್ಗ ಇಳಿಸದವಳು ತನ್ನ ಮನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ವಂತ ಅತ್ತೆಯ ಎದುರು ಕೂತು, ಕೂಗ್ತಿತ್ತಾ, ಎದ್ದು ನಿಂತಿತ್ತಾ ಅಂತ ಸುತ್ತಿ ಬಳಸಿ ಯಾರು ಕೇಳುತ್ತಾರೆ?

ಮಾರನೆಯ ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಗೋಡೆಯಾಚೆ ಖಾಲಿ ಕೊಟ್ಟಿಗೆಯಲ್ಲಿ ಅತ್ತೆ ಕೂತು ಮಾತಾಡುತ್ತಿದ್ದರು. ವಯಸ್ಸಾದವರು ತಮ್ಮಷ್ಟಕ್ಕೆ ಆಡುವ ಮಾತು. ನಾನು ಕೇಳಿಸಿಕೊಳ್ಳುವವಳು, ಕೇಳಿಸಿಕೊಂಡೆ.

"ಹೋಗ್ಲಿ ಬಿಡು. ಆ ಸೂಜಿ ಬಿದ್ಮೇಲೆ ಎರಡು ಹಿಡಿ ಹುಲ್ಲು ತಿಂದ್ಯಲ್ಲ ನನ್ನ ಕೈಯಿಂದ. ಅಷ್ಟೇ ಸಾಕು ನಂಗೆ."

ತಿಕ್ಕುತ್ತಿದ್ದ ತಪ್ಪಲೆ ಅಲ್ಲೇ ಬಿಟ್ಟೆ. ಓಡಿಹೋದೆ. "ಅತ್ತೆ, ಯಾವ ಸೂಜಿ?"

ಅವರು ನನ್ನ ಮುಖ ನೋಡಲಿಲ್ಲ. "ನೋವು ತಡೀತಿರ್ಲಿಲ್ಲ ಕಣೇ. ಕಾಂಪೌಂಡರ್ ಹತ್ರ ಒಂದು ಬಾಟ್ಲಿ ಇತ್ತು. ಹೇಳಿ ಕಳಿಸ್ದೆ. ಚಿಕ್ಕವಳಿಗೆ ಹೇಳಿದ್ರೆ ಹಾಕಿಸ್ತಿದ್ಲಾ?"

"ಒಯ್ಯುವಾಗಲಾದ್ರೂ ಹೇಳ್ಬಾರ್ದಾ ಅತ್ತೆ!"

"ಹೊರಗಡೆ ಅಷ್ಟು ಜನ ನಿಂತಿದ್ರು. ಅವರ ಮುಂದೆ ಅವಳ ಮಾನ ಹೋಗ್ತಿತ್ತು. ನನ್ನ ನಾಲಿಗೆ ಏಳ್ಲಿಲ್ಲ."

ನನ್ನ ಓರಗಿತ್ತಿ ಬೀದಿಯ ಕಡೆ ಟೆಂಪೋ ತೊಳೆಯುತ್ತಿದ್ದಳು. ನಾನು ಹೇಳಿದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ, ಪೈಪು ಮಾತ್ರ ಕೈಯಿಂದ ಜಾರಿ ನೆಲದ ಮೇಲೆ ಹಾವಿನ ಹಾಗೆ ಒದ್ದಾಡಿತು. ಅದನ್ನು ನಿಲ್ಲಿಸಲೂ ಇಲ್ಲ. "ಗಾಡಿ ಹತ್ತಕ್ಕ," ಅಂದಳು.

ಸಂಜೆ ಇಳಿಸಿದ ಮಾಂಸಕ್ಕೆ ಹದ್ದುಗಳು ಬರುವುದು ಬೆಳಿಗ್ಗೆ ಬಿಸಿಲೇರಿ ಗಾಳಿ ಎದ್ದ ಮೇಲೆ. ಬಿಸಿಲು ಆಗಲೇ ಏರಿತ್ತು. ದಾರಿಯಲ್ಲಿ ಡಾಕ್ಟರಮ್ಮನಿಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿಸಿದಳು. ಡಾಕ್ಟರಮ್ಮ ಪೇಟೆಯಲ್ಲಿದ್ದಳು. ನಾನು ಸೂಜಿಯ ವಿಷಯ ಹೇಳಿದೆ, ಅಯ್ಯೋ ಅಂದಳು. ಆಮೇಲೆ, "ದೊಡ್ಡಕ್ಕ, ಅವರಿಗೆ ಹೇಳಿ. ಮೊದಲು ಹೆದರಿಸಿ ಓಡಿಸ್ಲಿ. ಎಷ್ಟು ಹೆದರಿಸಕ್ಕೆ ಆಗುತ್ತೋ ಅಷ್ಟು. ಹೆದರಿದ ಹದ್ದು ಹಗುರಾಗಕ್ಕೆ ತಿಂದಿದ್ದನ್ನ ಕಕ್ಕುತ್ತೆ. ಕಕ್ಕಿದ್ರೆ ಉಳಿಯುತ್ತೆ. ಕನಿಕರ ತೋರಿಸ್ಬೇಡಿ ಅನ್ನಿ." ನಾನು ಹೇಳಿದೆ. ಅವಳು ಕೇಳಿದಳೋ ಇಲ್ಲವೋ, ಕಣ್ಣು ರಸ್ತೆಯ ಮೇಲೇ ಇತ್ತು. ಬಾಯಿ ಏನೋ ಮಣಮಣ ಅನ್ನುತ್ತಿತ್ತು. ಕಿವಿಗೊಟ್ಟರೆ, "ತಿನ್ಬೇಡಿ, ತಿನ್ಬೇಡಿ, ತಿನ್ಬೇಡಿ," ಅನ್ನುತ್ತಿದ್ದಳು.

ಕೊನೆಯ ಏರಿನಲ್ಲಿ ಹಾರನ್ನು ಒತ್ತಿದವಳು ಕೈ ತೆಗೆಯಲೇ ಇಲ್ಲ.

ನಾನು ರಣಹದ್ದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಯಲಿನಲ್ಲಿ ಕೆಂಪಿಯ ಮೇಲೆ ಗುಂಪುಗಟ್ಟಿದ್ದವು. ಕೆಲವು ಆಗಲೇ ತಿಂದು, ಎದೆಯ ಚೀಲ ಉಬ್ಬಿ, ಮದುವೆ ಊಟ ಮುಗಿಸಿದವರ ಹಾಗೆ ಪಕ್ಕದಲ್ಲಿ ತೂಕಡಿಸುತ್ತ ಕೂತಿದ್ದವು. ಟೆಂಪೋ ಅವುಗಳ ನಡುವೆಯೇ ನುಗ್ಗಿತು. ಅವಳು ಇಳಿದು ಓಡಿದಳು. ಸೀಟಿನ ಮೇಲಿದ್ದ ಮಣ್ಣು ಬಣ್ಣದ ಚಾದರವನ್ನು ತಲೆಯ ಮೇಲೆ ಬೀಸುತ್ತ, ಗಂಟಲು ಹರಿಯುವ ಹಾಗೆ ಕಿರುಚುತ್ತ, ಕೈಗೆ ಸಿಕ್ಕಿದ ಕಲ್ಲನ್ನೆಲ್ಲ ಬೀಸಿದಳು. "ಕಕ್ಕು! ಕಕ್ಕೋ ಮುಂಡೇದೆ! ನಿನ್ನ ಕಾಲಿಗೆ ಬೀಳ್ತೀನಿ, ಕಕ್ಕು!" ಹಕ್ಕಿಗಳು ಹೌಹಾರಿದವು. ಭಾರಕ್ಕೆ ಏಳಲಾರದೆ ಕುಪ್ಪಳಿಸುತ್ತ, ಒಂದರ ಮೇಲೊಂದು ಬೀಳುತ್ತ ಓಡಿದವು. ಒಂದು ಕಕ್ಕಿತು. ಇನ್ನೊಂದು ಕಕ್ಕಿತು. ಹಳದಿ ಪಟ್ಟಿಯ ಗಂಡು ಎಡವಿ ಮುಗ್ಗರಿಸಿ, ಇವಳು ಅದರ ಬಾಲಕ್ಕೆ ಕೈ ತಾಕುವಷ್ಟು ಹತ್ತಿರ ಬಂದ ಮೇಲೆ, ತಿಂದದ್ದನ್ನೆಲ್ಲ ಸುರಿದು ಮೇಲೆದ್ದಿತು. ಅವಳು ಆ ವಾಂತಿಯ ಮುಂದೆ ಮಂಡಿಯೂರಿ ಬರಿಗೈಯಲ್ಲಿ ಕೆದಕಿದಳು. "ಇಷ್ಟೇನಾ? ಅಕ್ಕಾ, ಇಷ್ಟೇನಾ ತಿಂದಿದ್ದು? ಒಳಗೆ ಇನ್ನೂ ಇದ್ಯಾ?" ನನಗೇನು ಗೊತ್ತು! ನಾನೂ ಪಕ್ಕದಲ್ಲಿ ಕೂತು ಕೆದಕಿದೆ.

ನೀಲಿ ಪಟ್ಟಿಯ ಹೆಣ್ಣು ಅಲ್ಲಿರಲಿಲ್ಲ.

ಅದು ತಿಂದು ಆಗಲೇ ಹಾರಿತ್ತು. ಗೂಡಿನ ಕೆಳಗಿನ ಒಂದು ಬಂಡೆಯ ಮೇಲೆ, ಎದೆ ಉಬ್ಬಿಸಿಕೊಂಡು, ಸ್ವಲ್ಪ ಸುಧಾರಿಸಿಕೊಳ್ಳುತ್ತ ಕೂತಿತ್ತು. ಇನ್ನೇನು ಮೇಲೆ ಹೋಗಿ ಮರಿಯ ಬಾಯಿಗೆ ಇಳಿಸುತ್ತದೆ. ಇವಳು ಬಯಲಿನ ಅಂಚಿಗೆ ಓಡಿ, ಇನ್ನು ಒಂದು ಹೆಜ್ಜೆ ಇಟ್ಟರೆ ಪ್ರಪಾತ ಅನ್ನುವಲ್ಲಿ ನಿಂತು ಕೂಗಿದಳು. ಕಲ್ಲು ಅಲ್ಲಿಯವರೆಗೆ ಹೋಗದು. ಟೆಂಪೋಗೆ ಓಡಿಬಂದು ಜಾಕಿಯ ಕಬ್ಬಿಣದ ಸರಳಿನಿಂದ ಅದರ ಹಲಗೆ ಬಡಿದಳು. ಬಂಡೆಗೆ ಬಡಿದು ಸದ್ದು ವಾಪಸು ಬಂತು. ನೀಲಿ ಪಟ್ಟಿಯ ಹೆಣ್ಣು ಕತ್ತು ತಿರುಗಿಸಿ ಒಮ್ಮೆ ಇತ್ತ ನೋಡಿ, ಗೂಡಿನ ಕಡೆ ಹೋಗದೆ, ಕಕ್ಕದೆ, ರೆಕ್ಕೆ ಬಿಚ್ಚಿ ಆಚೆ ಬೆಟ್ಟದ ಕಡೆಗೆ ತೇಲಿಹೋಯಿತು. ಕಾಣುವಷ್ಟು ದೂರ ಇವಳು ಬಡಿಯುತ್ತಲೇ ಇದ್ದಳು.

ಮರಿಯ ಹೊಟ್ಟೆಗೆ ವಿಷ ಹೋಗಲಿಲ್ಲ. ಆದರೆ ನೀಲಿ ಮತ್ತೆ ಗೂಡಿಗೆ ಬರಲಿಲ್ಲ. ಎರಡು ದಿನ ಬಿಟ್ಟು ಆಚೆ ಬೆಟ್ಟದ ಮರದ ಕೊಂಬೆಯಲ್ಲಿ ಕತ್ತು ಜೋಲು ಬಿದ್ದು ಕೂತದ್ದನ್ನು ಡಾಕ್ಟರಮ್ಮನ ಜನ ಕಂಡರು. ಹಿಡಿಯಲು ಹೋಗುವಷ್ಟರಲ್ಲಿ ಕೆಳಗೆ ಬಿತ್ತು. ಇನ್ನೊಂದು ಪ್ರಾಯದ ಹಕ್ಕಿಯೂ ಹೋಯಿತು.

ಕೆಂಪಿಯ ಮೇಲೆ ಡೀಸೆಲ್ ಸುರಿದು ಸುಟ್ಟವಳು ಇವಳೇ. ಉಳಿದದ್ದನ್ನು ಹೂಳಿ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. "ಬೈಯೇ. ಬೈದುಬಿಡು ನನ್ನ." ಇವಳು ಬೈಯಲಿಲ್ಲ. ಸ್ನಾನ ಮಾಡಿ ಬಂದು, ಅಡಿಗೆ ಮಾಡಿ, ಎಂದಿನಂತೆ ತಟ್ಟೆ ಇಟ್ಟು, ಮಾತ್ರೆಯನ್ನು ಅಂಗೈಗೆ ಹಾಕಿ, ನೀರು ಕೊಟ್ಟಳು. ಮಾತು ಒಂದೂ ಇಲ್ಲ. ಮರುದಿನವೂ ಹಾಗೇ. ಗೋಡೆಯಾಚೆ ಅಷ್ಟು ಮೌನ ನಾನು ಕೇಳಿಯೇ ಇರಲಿಲ್ಲ. ತಟ್ಟೆಯ ಸದ್ದು, ಲೋಟದ ಸದ್ದು, ನಡುನಡುವೆ ಅತ್ತೆಯ, "ಚಿಕ್ಕವಳೇ, ಮರಿ ಹೇಗಿದ್ಯೇ?" ಅಷ್ಟೆ. 

ಮರಿ ಹೇಗಿತ್ತು ಅಂದರೆ, ಹಸಿದಿತ್ತು. ಹಳದಿ ಗಂಡು ಗೂಡಿಗೆ ಮರಳಿ ಮರಿಯ ಮೇಲೆ ಕೂತವನು ಕದಲಲಿಲ್ಲ. ಇಬ್ಬರಿದ್ದರೆ ಒಬ್ಬರು ಕಾಯುತ್ತಾರೆ, ಒಬ್ಬರು ತರುತ್ತಾರೆ. ಈಗ ಅವನು ಹೋದರೆ ಮರಿಯನ್ನು ಕಾಗೆಗಳು ಕುಕ್ಕುತ್ತವೆ, ಹೋಗದಿದ್ದರೆ ಇಬ್ಬರಿಗೂ ಉಪವಾಸ. ಮರಿಯನ್ನು ಇಳಿಸಿ ಪಂಜರಕ್ಕೆ ತರುವುದಕ್ಕೂ ಆಗದು. ಗೂಡಿನ ಮೇಲೆ ಬಂಡೆ ಹೊರಚಾಚಿದೆ, ಹಗ್ಗ ಕಟ್ಟಿ ಬಂಡೆ ಇಳಿಯುವವರು ಬಂದು ನೋಡಿ ತಲೆಯಾಡಿಸಿ ಹೋದರು. ಉಳಿದ ಹದ್ದುಗಳು ದೂರದ ಬೆಟ್ಟಗಳಿಗೆ ಚದುರಿಹೋಗಿದ್ದವು. ಡಾಕ್ಟರಮ್ಮ ಬೇರೆ ಊರಿನಿಂದ ಸೂಜಿ ಸೋಕದ ಮಾಂಸ ತರಿಸಿದಳು. ಇವಳು ಹೋಗಿ ಬಯಲಿನಲ್ಲಿ ಇಟ್ಟು ಬಂದಳು. ಹಳದಿ ಒಮ್ಮೆ ಎದ್ದು, ಮೇಲಿಂದ ಸುತ್ತಿ, ಇನ್ನೂ ತಿರುವಿನಲ್ಲಿದ್ದ ಟೆಂಪೋವನ್ನು ಕಂಡು ಹಾಗೇ ಗೂಡಿಗೆ ತಿರುಗಿಬಿಟ್ಟಿತು. ಮರುದಿನ ಎದ್ದೇ ಇಲ್ಲ.

ಡಾಕ್ಟರಮ್ಮ ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಟೀ ಕುಡಿಯದೆ ಕೆಳಗಿಟ್ಟು, "ಅಕ್ಕ, ಇನ್ಮೇಲೆ ನೀವು ಮೇಲೆ ಬರ್ಬೇಡಿ," ಅಂದಳು.

"ನಾನು ಚಾದರ ಹೊದ್ದು ಬರ್ತೀನಿ. ನಡ್ಕೊಂಡೇ ಬರ್ತೀನಿ."

"ಅವನು ನಿಮ್ಮ ನಡಿಗೆ ಗುರುತು ಹಿಡೀತಾನೆ ಅಕ್ಕ. ನೀವು ಅಷ್ಟು ಹೆದರಿಸಿದ್ರಿಂದಾನೇ ಅವನು ಬದುಕಿದ್ದಾನೆ. ಈಗ ನೀವಿದ್ರೆ ಇಳಿಯಲ್ಲ. ಟೆಂಪೋನೂ ಬೇಡ. ಗೂಡಿಗೆ ಎದುರಿನ ಕಲ್ಲಿನ ಮೇಲೆ ಮಾಂಸ ಇಡ್ಬೇಕು, ಮರಿ ಕಣ್ಣಿಗೆ ಬೀಳ್ತಿರೋ ಹಾಗೆ. ಹೊತ್ಕೊಂಡೇ ಹೋಗ್ಬೇಕು. ನಮ್ಮವರೆಲ್ಲ ಹಕ್ಕಿಗಳನ್ನ ಹುಡುಕ್ತಾ ಬೆಟ್ಟ ಬೆಟ್ಟ ಅಲೀತಿದ್ದಾರೆ. ಊರಲ್ಲಿ ಗಟ್ಟಿ ಆಳು ಯಾರಾದ್ರೂ ಸಿಗ್ತಾರಾ?"

ಇವಳು ಎದ್ದು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಅಂತ ನನಗೆ ಗೊತ್ತಾಯಿತು. ನಾನೂ ಹಿಂದೆ ಹೋದೆ.

ಮೀಸೆ ಬಾವಿಕಟ್ಟೆಯ ಹತ್ತಿರ ಕರಣೆ ತೊಳೆಯುತ್ತಿದ್ದ. ವಿಷಯ ಊರಿಗೆಲ್ಲ ಗೊತ್ತಿತ್ತು. ಅವನು ತಲೆಯೆತ್ತಲಿಲ್ಲ.

"ಮೀಸೆಯಣ್ಣ, ಕಲ್ಲು ಮಣ್ಣು ಹೊತ್ತ ಹೆಗಲು ನಿಂದು. ಮಾಂಸದ ಮೂಟೆ ಹೊರಬೇಕು. ದಿನಾ. ಬೆಟ್ಟ ಹತ್ತಿ."

"ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?"

"ಸಿಗ್ಬಹುದು. ನಿನ್ನ ಹತ್ರ ಬಂದೆ."

ಆಗಲೇ ತೊಳೆದಾಗಿದ್ದ ಕರಣೆಯನ್ನು ಅವನು ಮತ್ತೆ ತೊಳೆದ. "ಒಂದು ಕೇಳ್ತೀನಿ. ನಾನು ಅವತ್ತು ಟೀ ಅಂಗಡೀಲಿ ಹಾಗೆ ಅನ್ನದೇ ಇದ್ದಿದ್ರೆ?"

"ಹಿತ್ತಲಲ್ಲಿ ಗುಂಡಿ ತೋಡ್ತಿದ್ದೆ. ಹೂ ಹಾಕ್ತಿದ್ದೆ." ಅವಳು ಕಟ್ಟೆಯ ಮೇಲೆ ಕೂತಳು. "ನೀನಂದೆ ಅಂತ ನಾನು ಮಾಡಿದ್ದು ನನ್ನ ತಲೆತಿರುಕತನ. ಅದಕ್ಕೆ ನಿನ್ನ ಹತ್ರ ಬಂದಿಲ್ಲ. ನೀನು ಗಾರೆ ಹೊತ್ಕೊಂಡು ಏಣಿ ಮೇಲೆ ಸದ್ದಿಲ್ದೆ ಹತ್ತೋದು ನೋಡಿದ್ದೀನಿ. ಅದಕ್ಕೆ ಬಂದೆ."

ಮೀಸೆ ಒಳಗೆ ಹೋಗಿ ಒಂದು ಗೋಣಿಚೀಲ ತಂದ. "ಆ ವಾಸನೆಗೆ ಈ ಮೀಸೆ ಉದುರಿಹೋದ್ರೆ ನೀನೇ ಜವಾಬ್ದಾರಿ," ಅಂದ. ನಗಲು ಮೂವರಿಗೂ ಆಗಲಿಲ್ಲ.

ಆಮೇಲಿನವು ದಿನಗಳಲ್ಲ, ಯುಗಗಳು. ಇವಳು ಬೆಟ್ಟದ ಬುಡದ ತಿರುವಿನವರೆಗೆ ಟೆಂಪೋದಲ್ಲಿ ಮಾಂಸ ಒಯ್ಯುವಳು. ಅಲ್ಲಿಂದ ಮೀಸೆ ಹೊರುವನು. ಇವಳು ತಿರುವಿನಲ್ಲೇ ಕೂರುವಳು. ಅಲ್ಲಿಂದ ಬಂಡೆ ಬೆರಳ ತುದಿಯಷ್ಟು ಕಾಣುತ್ತದೆ, ಗೂಡು ಕಾಣುವುದಿಲ್ಲ. ಡಾಕ್ಟರಮ್ಮ ಮರೆಯಲ್ಲಿ ಕೂತು ನೋಡಿ ಫೋನು ಮಾಡುತ್ತಾಳೆ. ಇಳಿಯಲಿಲ್ಲ. ಇವತ್ತೂ ಇಳಿಯಲಿಲ್ಲ. ಮರಿ ಬಾಯಿ ತೆರೆಯುತ್ತಿತ್ತು, ಈಗ ತೆರೆಯುತ್ತಿಲ್ಲ. ಮಲಗೇ ಇದೆ. ಫೋನು ಇಟ್ಟ ಮೇಲೆ ಇವಳು ಸ್ಟೇರಿಂಗಿಗೆ ಹಣೆ ಒತ್ತಿ ಕೂತಿರುತ್ತಿದ್ದಳು. ಹಣೆಯಲ್ಲಿ ಅದರ ಗುರುತು ಮನೆಗೆ ಬಂದರೂ ಇರುತ್ತಿತ್ತು. ಇನ್ನೊಂದು ದಿನ ಹೀಗೇ ಆದರೆ ಮರಿಯ ಆಸೆ ಬಿಡಬೇಕು ಎಂದು ಡಾಕ್ಟರಮ್ಮ ಹೇಳಿದ ಬೆಳಿಗ್ಗೆ, ಇವಳು ಹೊರಡುವಾಗ ಅತ್ತೆ ಕೋಲೂರಿಕೊಂಡು ಬಂದು ಟೆಂಪೋದ ಬಾಗಿಲು ಹಿಡಿದರು.

"ನಾನೂ ಬರ್ತೀನಿ."

ಇವಳು ಸುಮ್ಮನೆ ಅವರನ್ನು ಸೊಂಟ ಹಿಡಿದು ಎತ್ತಿ ಸೀಟಿನ ಮೇಲೆ ಕೂರಿಸಿದಳು. ನಾನು ಪಕ್ಕಕ್ಕೆ ಒತ್ತಿಕೊಂಡು ಕೂತೆ.

ತಿರುವಿನಲ್ಲಿ ಮೀಸೆ ಮೂಟೆ ಹೊತ್ತು ಹತ್ತಿಹೋದ. ನಾವು ಮೂವರೂ ಮುಂದಿನ ಗಾಜಿನ ಮೂಲಕ ಮೇಲೆ ನೋಡುತ್ತ ಕೂತೆವು. ಬಹಳ ಹೊತ್ತಾಯಿತು. ಅತ್ತೆಯ ಎರಡು ಕಣ್ಣಿಗೂ ಪೊರೆ, ರಸ್ತೆಯೇ ಸರಿಯಾಗಿ ಕಾಣದು.

"ಎಲ್ಲಿದೆ ಬಂಡೆ?"

ಇವಳು ಅವರ ಗಲ್ಲ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. "ಕಾಣ್ತಾ?"

"ಹೂಂ. ಕಾಣ್ತು."

"ಅತ್ತೆ."

"ಇಲ್ಲ. ಏನೂ ಕಾಣ್ತಿಲ್ಲ."

ಇವಳು ಗಲ್ಲದಿಂದ ಕೈ ತೆಗೆಯಲಿಲ್ಲ. "ಒಂದು ಮಾತು ಹೇಳಿ. ಅವತ್ತು ನಾನು ನಿಮ್ಮೆದುರು ಟೀ ಹಿಡ್ಕೊಂಡು ಕೂತು, ಕೆಂಪಿ ಕೊನೇಲಿ ಹುಲ್ಲು ತಿಂದ್ಲಾ ಅಂತ ಕೇಳಿದ್ರೆ, ನಿಜ ಹೇಳ್ತಿದ್ರಾ?"

ಅತ್ತೆ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. 

"ಹೇಳ್ತಿರ್ಲಿಲ್ಲ," ಅಂದರು. "ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕೊಟ್ಟು ಕಳಿಸ್ತಿದ್ದೆ."

ಓರಗಿತ್ತಿ ಜೋರಾಗಿ ಅತ್ತುಬಿಟ್ಟಳು. ಹಸು ಸತ್ತಾಗ ಅಳದವಳು, ನೀಲಿ ಸತ್ತಾಗ ಅಳದವಳು, ಈಗ ಅತ್ತೆಯ ಹೆಗಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನು ತಟ್ಟುತ್ತ, "ಮೂಗು ಒರಸ್ಕೋ, ನನ್ನ ಬಟ್ಟೆ ಎಲ್ಲ ಒದ್ದೆ ಮಾಡ್ತೀಯ," ಅಂದರು. ಆಗಲೇ ಫೋನು ಬಡಿದುಕೊಂಡದ್ದು. ಎತ್ತಲು ಅವಳ ಕೈ ಬರಲಿಲ್ಲ. ನಾನೇ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹಿಡಿದೆ.

ಡಾಕ್ಟರಮ್ಮ ಪಿಸುಗುಟ್ಟುತ್ತಿದ್ದಳು. "ಇಳಿದ. ಅಕ್ಕ, ಇಳಿದ. ಕಲ್ಲಿನ ಮೇಲಿದ್ದಾನೆ."

"ತಿಂತಿದ್ದಾನಾ?"

"ಸುತ್ತ ನೋಡ್ತಿದ್ದಾನೆ. ತಾಳಿ." ಬರೀ ಗಾಳಿಯ ಸದ್ದು. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು, ಉಗುರು ಚುಚ್ಚುತ್ತಿತ್ತು. "ತಿಂತಿದ್ದಾನೆ. ಗಬಗಬ ತಿಂತಿದ್ದಾನೆ. ಕಾಗೆ ಬಂತು, ಅಯ್ಯೋ, ಗೂಡಿನ ಹತ್ರ ಕಾಗೆ... ನೋಡ್ದ. ಹಾರ್ದ. ಗೂಡಲ್ಲಿದ್ದಾನೆ ಅಕ್ಕ, ಬಗ್ಗಿದ್ದಾನೆ..." 

ಮರಿ ಅವತ್ತು ತಿಂದಿತು. ಮಾರನೆಯ ದಿನ ತಿನ್ನಲಿಲ್ಲ, ಅದರ ಮಾರನೆಯ ದಿನ ಮತ್ತೆ ತಿಂದಿತು. ಈಗ ಅದಕ್ಕೆ ರೆಕ್ಕೆಯ ಪುಕ್ಕ ಬಂದಿದೆ. ಆದರೆ ಒಬ್ಬನೇ ಸಾಕಿದ ಮರಿ, ಸಣಕಲು. ಹಾರುವುದು ತಡವಾಗುತ್ತದೆ, ಹಾರದೆಯೂ ಇರಬಹುದು ಅನ್ನುತ್ತಾಳೆ ಡಾಕ್ಟರಮ್ಮ. ಮಳೆಗಾಲ ಬಂದು ಗಾಳಿ ತಿರುಗುವ ಕಾಲ ಬೇರೆ ಹತ್ತಿರ ಬಂತು. ಊರಿನಲ್ಲಿ ದನ ಕೊಡುವವರು ಕಡಿಮೆಯಾಗಿದ್ದಾರೆ. "ಮೊದ್ಲು ನಿಮ್ಮ ಮನೇಲಿ ಕೇಳ್ಕೊಂಡು ಬಾ," ಅಂತ ಒಂದಿಬ್ಬರು ಮುಖಕ್ಕೆ ಹೇಳಿದ್ದೂ ಉಂಟು. ಅವಳು ಕೇಳಿಸಿಕೊಂಡು, ಅಲ್ಲೇ ಕೂತು, ಟೀ ಕೊಡಿ ಅನ್ನುತ್ತಾಳೆ.

ತಿರುವಿನಿಂದ ಮೇಲೆ ಅವಳು ಹೋಗಿಲ್ಲ. ಸಂಜೆ ಮೀಸೆ ಖಾಲಿ ಗೋಣಿ ಹೆಗಲಿಗೆ ಹಾಕಿಕೊಂಡು ಇಳಿದು ಬರುವುದನ್ನು ಕಾಯುತ್ತ ಟೆಂಪೋಗೆ ಒರಗಿ ನಿಂತಿರುತ್ತಾಳೆ. ಅವನು ಹತ್ತಿರ ಬರುವವರೆಗೂ ತಾಳ್ಮೆ ಇರುವುದಿಲ್ಲ.

"ಎದ್ದು ನಿಂತಿತ್ತಾ?"

"ನಿಂತಿತ್ತು."

"ರೆಕ್ಕೆ ಬಡೀತಾ?"

"ಬಡೀತು."

"ಎಷ್ಟು ಸಲ?"

"ನಾನೇನು ಎಣಿಸ್ತಾ ಕೂತಿದ್ನಾ?"

"ನಾಳೆ ಎಣಿಸು," ಅನ್ನುತ್ತಾಳೆ.